ಬೀಗರ ಕೈತುತ್ತು

ನನ್ನ ಮೈದುನನಿಗೆ ಲಕ್ವ ಹೊಡೆದಾಗ ಅವನು ಕುದುರೆ ಮೇಲಿದ್ದ. ಬಿದ್ನಾ ಅಂದ್ರೆ ಅದೂ ಇಲ್ಲ. ಬಲಗಡೆ ಅರ್ಧ ಮೈ ಸತ್ತು ಜೋತಾಡ್ತಿದ್ರೂ ಎಡಗಡೆ ಅರ್ಧ ಜೀನು ಹಿಡ್ಕೊಂಡು ಕೂತಿತ್ತು. ಕುದುರೇನೇ ದಾರಿ ಹುಡುಕ್ಕೊಂಡು ಅವನನ್ನ ಮನೆ ಬಾಗಿಲಿಗೆ ತಂದು ನಿಲ್ಲಿಸ್ತು. ಆ ಮನೇಲಿ ಬುದ್ಧಿ ಅಂತ ಇದ್ರೆ ಅದೊಂದಕ್ಕೇ ಇರೋದು.

ಅವನ ಹೆಸರು ನಾನು ಹೇಳಲ್ಲ. ಗಂಡನ ಕಡೆಯವರ ಹೆಸರು ಸೊಸೆಯಾದವಳು ಬಾಯಲ್ಲಿ ತರಬಾರದು ನಮ್ಮಲ್ಲಿ. ನಾನು ಮದುವೆಯಾಗಿ ಕಾರಾ-ಬುಲುನ್‌ಗೆ ಬಂದಾಗ ಅವನು ಆರು ವರ್ಷದ ಸಿಂಬಳಬುರುಕ. ಪುಟ್ಟ ಅಂತ ಕರೆದೆ. ಈಗ ಅರವತ್ತಾರು. ಬಾಗಿಲಲ್ಲಿ ಅಡ್ಡಡ್ಡ ತಿರುಗಿ ಒಳಗೆ ಬರೋವಷ್ಟು ಮೈ. ಕುದುರೆ ಮೇಲಿನ ಕುಸ್ತೀಲಿ ಮೂರು ಕಣಿವೆಯ ಗಂಡಸರನ್ನ ಜೀನಿಂದ ಕಿತ್ತು ಎಸೆದವನು. ಆದ್ರೂ ನನಗೆ ಪುಟ್ಟನೇ. ಆಸ್ಪತ್ರೇಲಿ ನರ್ಸು ಕುಂದುಜ್, ಹಿರಿ ಹೆಂಗಸರನ್ನ ಕರೆಯೋ ಹಂಗೆ, "ಅಪಾ, ಪೇಷೆಂಟ್ ಹೆಸರು ಹೇಳಿ" ಅಂದ್ಳು.

"ನಿನ್ನ ಕಾಗದದಲ್ಲಿ ಇಲ್ವಾ?"

"ಇದೆ. ಆದ್ರೂ ನೀವು ಹೇಳ್ಬೇಕು, ಅದು ನಿಯಮ."

"ಹೇಳಬಾರದು ಅನ್ನೋದೂ ನಿಯಮಾನೇ. ನಿನ್ನ ನಿಯಮ ಹುಟ್ಟೋಕೆ ಮುಂಚೆ ನನ್ನ ನಿಯಮಕ್ಕೆ ಗಡ್ಡ ಬಂದಿತ್ತು."

ಅವಳು ನಕ್ಕು ತಾನೇ ಬರ್ಕೊಂಡ್ಳು. ಹುಡುಗಿ ಅಂದ್ರೆ ಎಂಥ ಹುಡುಗಿ, ಹೊಲಿಗೆ ಸೂಜಿಗೆ ಬಿಳಿ ಬಟ್ಟೆ ತೊಡಿಸಿದಂಗೆ. ಕಿಟಕಿ ತೆಗೆದ್ರೆ ಹಾರಿ ಹೋಗ್ತಾಳೆ ಅಂತ ನಾನು ಕಿಟಕಿ ಮುಚ್ಚಿಟ್ಟಿದ್ದೆ.

ಪುಟ್ಟನ ಹೆಂಡತಿ ಸತ್ತು ಎಂಟು ವರ್ಷ. ನನ್ನವನು ಹೋಗಿ ಹದಿನೈದು. ಅವನ ಮಗಳು ಜಿಪಾರ್‌ನ ಕಣಿವೆ ಆಚೆ ಶಾರ್ಶೆನ್ ಅನ್ನೋನ ಮಗನಿಗೆ ಕೊಟ್ಟಿದೀವಿ. ಅವಳು ಬರ್ತಾಳೆ, ಅಪ್ಪನ ಕಾಲು ಹಿಡ್ಕೊಂಡು ಒಂದು ಕೊಡ ಕಣ್ಣೀರು ಸುರಿಸ್ತಾಳೆ, ಹೋಗ್ತಾಳೆ. ಹಾಸಿಗೆ ಪಕ್ಕ ಕೂರೋಕೆ ಉಳಿದಿದ್ದು ಈ ಎಪ್ಪತ್ತೆಂಟರ ಮುದುಕಿ.

ಮೊದಲನೇ ದಿನಾನೇ ಕುಂದುಜ್ ಅವನಿಗೆ ಒಂದು ಚಮಚ ನೀರು ಕುಡಿಸಿ, ಗಂಟಲ ಮೇಲೆ ಎರಡು ಬೆರಳಿಟ್ಟು ನೋಡಿದ್ಳು. ಪುಟ್ಟ ಕೆಮ್ಮಿದ. ಅವಳು ಚಮಚ ಎತ್ತಿಟ್ಟು, "ಅಪಾ, ಇವರ ಗಂಟಲಲ್ಲಿ ಅರ್ಧ ಮಲಗಿದೆ. ತೆಳ್ಳಗಿರೋದು ಕೊಟ್ರೆ ಹೊಟ್ಟೆ ದಾರಿ ಬಿಟ್ಟು ಪುಪ್ಪುಸಕ್ಕೆ ಜಾರತ್ತೆ. ನೀರು, ಚಹಾ, ಸಾರು ಯಾವುದೂ ಬೇಡ. ಎಲ್ಲಾ ಗಟ್ಟಿ ಕೆನೆ ಹದಕ್ಕಿರ್ಬೇಕು. ಚಮಚ ವಾಲಿಸಿದ್ರೆ ಹರೀಬಾರದು, ಪೊತಕ್ ಅಂತ ಬೀಳ್ಬೇಕು" ಅಂದ್ಳು.

ನಾನು ಮೂಗು ಮುರಿದೆ. "ಏಳು ಮಕ್ಕಳನ್ನ ಸಾಕಿದೀನಿ. ನಾನು ಹಾಲೂಡಿಸಿದ ಕುರಿಮರಿಗಳನ್ನ ಸಾಲಾಗಿ ನಿಲ್ಲಿಸಿದ್ರೆ ಚೀನಾ ಗಡಿ ಮುಟ್ಟತ್ತೆ. ನುಂಗೋದು ಹೆಂಗೆ ಅಂತ ನೀನು ನನಗೆ ಹೇಳ್ಕೊಡ್ತೀಯಾ?"

ಅವಳು ಆ ಕಡೆ ಹೋಗಿದ್ದೇ ತಡ, ನಾನು ಫ್ಲಾಸ್ಕಿನ ಮುಚ್ಚಳ ತೆಗೆದೆ. ಉಪ್ಪು, ಹಾಲು ಹಾಕಿದ ಚಹಾ. ಮನೆಗೆ ಬಂದ ಕಳ್ಳನಿಗೂ ಚಹಾ ಕೊಡೋ ಜನ ನಾವು, ಮೈದುನನಿಗೆ ಕೊಡದೆ ಇರ್ತೀವಾ? ಪುಟ್ಟ ಒಂದು ಗುಟುಕು ಕುಡಿದ, ಕಣ್ಣು ಮುಚ್ಚಿ ಖುಷಿಪಟ್ಟ. ಎರಡನೇ ಗುಟುಕಿಗೆ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗ್ತು. ಕೆಮ್ಮಿದ ಕೆಮ್ಮಿಗೆ ಮಂಚ ಗೋಡೆ ಬಿಟ್ಟು ಈಚೆಗೆ ಬಂತು. ಮಾರನೇ ದಿನ ಮೈ ಒಲೆಯಂಗೆ ಸುಡ್ತಿತ್ತು. ಡಾಕ್ಟರು ಬೆನ್ನಿಗೆ ಕೊಳವೆ ಇಟ್ಟು ಕೇಳಿ, ಪುಪ್ಪುಸಕ್ಕೆ ಸೋಂಕು ತಗುಲಿದೆ ಅಂದ್ರು.

ಈ ಕಥೇಲಿ ಬೇಕಾದಷ್ಟು ದಡ್ಡರು ಬರ್ತಾರೆ. ಸಾಲಲ್ಲಿ ಮೊದಲು ನಿಂತಿರೋಳು ನಾನೇ, ಅದನ್ನ ಮುಚ್ಚಿಡಲ್ಲ. ಕುಂದುಜ್‌ನ ಕರೆದು ಚಹಾ ಕೊಟ್ಟಿದ್ದು ಹೇಳ್ದೆ. ಬೈದಿದ್ರೆ ನೆಮ್ಮದಿಯಾಗಿರ್ತಿತ್ತು. ಅವಳು ಬೈಲಿಲ್ಲ. ಕಿಟಕಿ ಪಕ್ಕದ ಖಾಲಿ ಹಾಸಿಗೆ ಕಡೆ ನೋಡಿ, "ಎಲ್ಲಾ ಮನೆಯವರೂ ಒಂದು ಸಲ ಕೊಡ್ತಾರೆ ಅಪಾ. ಕೆಲವರು ಎರಡನೇ ಸಲಾನೂ ಕೊಡ್ತಾರೆ" ಅಂದ್ಳು.

ಅವತ್ತಿಂದ ನಾನು ಬಾಗಿಲ ಕಾವಲಿಗೆ ಕೂತೆ. ಯಾಕಂದ್ರೆ ನಮ್ಮ ಜನ ರೋಗಿ ನೋಡೋಕೆ ಬಂದ್ರೆ ಬರಿಗೈಲಿ ಬರಲ್ಲ, ಮೂಳೆ ಸಾರು ತರ್ತಾರೆ. ಕಾಯಿಲೆಯವನಿಗೆ ಹಗುರ ಅಂತೆ, ನರನರಕ್ಕೂ ಇಳಿಯತ್ತಂತೆ. ಇಳಿಯತ್ತೆ, ಎಲ್ಲಿಗೆ ಅನ್ನೋದು ನನಗೆ ಗೊತ್ತಾಗಿತ್ತಲ್ಲ. ಮೂರು ದಿನಕ್ಕೆ ಹನ್ನೊಂದು ಫ್ಲಾಸ್ಕು ಬಂತು. ಬಂದವರೆಲ್ಲಾ ರೋಗಿ ಮುಖ ನೋಡಿ, "ಅಯ್ಯೋ ಇಳಿದು ಹೋಗಿದಾನೆ" ಅಂದು, ಕೂತು, ಅವನಿಗೆ ಅಂತ ತಂದಿದ್ದ ಬ್ರೆಡ್ಡು ಜಾಮು ತಾವೇ ತಿಂದು, ಬಾಯಿ ಒರೆಸ್ಕೊಂಡು ಹೋದ್ರು. ಹಿಂದಿನ ಬೀದಿ ಮೇಷ್ಟ್ರಂತೂ ಬೇಯಿಸಿದ ಮೊಟ್ಟೆ ಆರು ನುಂಗಿ, "ಇವನಿಗೆ ಹಸಿವೇ ಇಲ್ವಲ್ಲ" ಅಂತ ಮರುಗಿದ. ಹಸಿವು ಹೆಂಗಿರತ್ತೆ ಮಾರಾಯಾ, ನೀನು ಬಂದ ಮೇಲೆ ಈ ಕೋಣೇಲಿದ್ದ ಹಸಿವೆಲ್ಲಾ ನಿನ್ನ ಹೊಟ್ಟೆಗೇ ಹೋಯ್ತಲ್ಲ.

ಸೋಮವಾರ ಡಾಕ್ಟರು ಬಂದ್ರು. ಪುಟ್ಟನ್ನ ತೂಗಿದ್ರು, ಬೆನ್ನು ತಿರುಗಿಸಿ ನೋಡಿದ್ರು. ಹಾಸಿಗೆ ಹುಣ್ಣು ಏಳ್ತಿತ್ತು, ಒಂದು ನಾಣ್ಯದಷ್ಟು. "ಮೈಯಲ್ಲಿ ಮಾಂಸ ಕರಗ್ತಿದೆ. ಹೊಟ್ಟೆಗೆ ಸತ್ವ ಬೀಳದಿದ್ರೆ ಈ ಹುಣ್ಣೂ ಆರಲ್ಲ, ಕೈಕಾಲಿಗೆ ಬಲಾನೂ ಬರಲ್ಲ. ದಿನಕ್ಕೆ ಐದು ಬಟ್ಟಲು, ಗಟ್ಟಿಯಾಗಿ. ಶುಕ್ರವಾರ ಬರೋ ಹೊತ್ತಿಗೆ ಇಪ್ಪತ್ತು ಬಟ್ಟಲು ಹೋಗಿರ್ಬೇಕು, ಜ್ವರ ಇರಬಾರದು. ಇಲ್ದಿದ್ರೆ ಮೂಗಿಂದ ಹೊಟ್ಟೆಗೆ ಟ್ಯೂಬು ಹಾಕ್ತೀನಿ" ಅಂದ್ರು.

ಟ್ಯೂಬು ಅನ್ನೋ ಮಾತಿಗೆ ಪುಟ್ಟನ ಎಡಗೈ ಬಂದು ನನ್ನ ಮಣಿಕಟ್ಟು ಹಿಡೀತು. ಮಾತು ಸತ್ತಿತ್ತು, ಹಿಡಿತ ಸತ್ತಿರ್ಲಿಲ್ಲ. ಅವನ ಅಪ್ಪ, ನನ್ನ ಮಾವ, ಕಡೇ ತಿಂಗಳು ಅಂಥ ಟ್ಯೂಬಲ್ಲೇ ಇದ್ದು ಹೋಗಿದ್ದು. ಟ್ಯೂಬು ಕೊಲ್ಲಲ್ಲ ಅಂತ ಕುಂದುಜ್ ಹತ್ತು ಸಲ ಹೇಳಿದ್ಳು. ಅವನ ಕಣ್ಣಿಗೆ ಅದು ಹೂಳೋಕೆ ಮುಂಚೆ ಹಾಕೋ ಹಗ್ಗ.

ಹೆದರ್ತಾನೆ, ಆದ್ರೆ ತಿನ್ನಲ್ಲ. ಆಸ್ಪತ್ರೆ ಅಡುಗೆಮನೆಯಿಂದ ಬರ್ತಿದ್ದ ಗಟ್ಟಿ ಗಂಜೀನ ನಾನೂ ಒಂದು ಚಮಚ ರುಚಿ ನೋಡಿದೆ. ಗೋಡೆಗೆ ಬಳಿಯೋ ಸುಣ್ಣ ಇದು ಅಂತ ಅವನ ಮುಂದೇನೇ ಅಂದೆ. ಸುಣ್ಣಕ್ಕಾದ್ರೂ ಒಂದು ವಾಸನೆ ಇರತ್ತೆ. ಪುಟ್ಟ ಒಂದು ಚಮಚ ಬಾಯಲ್ಲಿಟ್ಕೊಂಡು ಗೋಡೆ ಕಡೆ ತಿರುಗಿಬಿಡ್ತಿದ್ದ.

ಆಸ್ಪತ್ರೆ ಹಿಂದೆ ಮನೆಯವರಿಗೆ ಅಂತ ಒಂದು ಒಲೆ ಇತ್ತು. ಬಾರ್ಲಿ ಹುರಿಹಿಟ್ಟನ್ನ ತೆಳು ಬಟ್ಟೇಲಿ ಎರಡು ಸಲ ಜರಡಿ ಹಿಡಿದೆ, ಹುಡಿ ಹುಡಿ ಮಂಜಿನಂಗಾಯ್ತು. ಬಂದಿದ್ದ ಮೂಳೆ ಸಾರಿನಲ್ಲೇ ಅದನ್ನ ಕುದಿಸಿದೆ. ಕುರಿ ಮಾಂಸಾನ ಬಿಟ್ಕೊಳ್ಳೋ ತನಕ ಬೇಯಿಸಿ, ಅರೆದು, ಸೋಸಿ ಸೇರಿಸ್ದೆ. ಮೇಲೆ ಬೆಣ್ಣೆ. ಇನ್ನೊಂದು ಹೊತ್ತಿಗೆ ಬಟ್ಟೇಲಿ ಕಟ್ಟಿ ನೀರಿಳಿಸಿದ ಮೊಸರು. ಮತ್ತೊಂದು ಹೊತ್ತಿಗೆ ಮೊಟ್ಟೆ ಕದಡಿ ಮಾಡಿದ ಗಿಣ್ಣಿನಂಥದ್ದು. ಕುಂದುಜ್ ಪ್ರತಿ ಬಟ್ಟಲಿಗೂ ಬಂದು ಚಮಚ ವಾಲಿಸಿ ನೋಡೋಳು. ಮೊದಲನೇದು ಹರೀತು, ವಾಪಸ್ ಕಳಿಸಿದ್ಳು. ಎರಡನೇದ್ರಲ್ಲಿ ತರಿ ಸಿಕ್ತು, ವಾಪಸ್. ಮೂರನೇದು ಪೊತಕ್ ಅಂತು.

"ಸಿಕ್ತು ಹದ" ಅಂದ್ಳು.

"ನಲವತ್ತು ಕೆಜಿ ಇರೋ ನೀನು ನನ್ನ ಅಡುಗೆ ವಾಪಸ್ ಕಳಿಸ್ತೀಯ. ನನ್ನ ಅತ್ತೇನೂ ಇಷ್ಟು ಧೈರ್ಯ ಮಾಡಿರ್ಲಿಲ್ಲ ಕಣೆ."

ತಿನ್ನಿಸೋದು ಇನ್ನೊಂದು ಯುದ್ಧ. ಬೆನ್ನಿಗೆ ದಿಂಬು ಒಟ್ಟಿ ಖಾನನಂಗೆ ನೆಟ್ಟಗೆ ಕೂರಿಸ್ಬೇಕು. ಗದ್ದ ಎದೆ ಕಡೆ ಬಗ್ಗಿಸ್ಬೇಕು. ಚಿಕ್ಕ ಚಮಚ, ಅದೂ ಜೀವ ಇರೋ ಎಡಗೆನ್ನೆ ಕಡೆಗೆ. ನುಂಗು, ಇನ್ನೊಂದು ಸಲ ಬರಿದೇ ನುಂಗು, ಆಮೇಲೆ ಮುಂದಿನ ಚಮಚ. ಸತ್ತ ಬಲಗೆನ್ನೇಲಿ ಬಚ್ಚಿಟ್ಕೊಂಡಿದಾನಾ ಅಂತ ಬೆರಳು ಹಾಕಿ ನೋಡ್ಬೇಕು. ಮುಗಿದ ಮೇಲೂ ಅರ್ಧ ಗಂಟೆ ಮಲಗಿಸೋ ಹಂಗಿಲ್ಲ. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಅಷ್ಟೊತ್ತಲ್ಲಿ ನಾನು ಒಂದು ಕುರಿ ಸುಲಿದು, ಬೇಯಿಸಿ, ಊರಿಗೆಲ್ಲಾ ಬಡಿಸಿ, ಪಾತ್ರೆ ತೊಳೆದಿಟ್ಟಿರ್ತಿದ್ದೆ.

ಲೆಕ್ಕಕ್ಕೆ ನಾನು ಶಕುನ ನೋಡೋ ನಲವತ್ತೊಂದು ಹುರುಳಿಕಾಳಿತ್ತು. ಒಂದು ಬಟ್ಟಲು ಖಾಲಿಯಾದ್ರೆ ಒಂದು ಕಾಳು ಈ ಜೇಬಿಂದ ಆ ಜೇಬಿಗೆ.

"ಬಾಯಿ ತೆಗಿ ಪುಟ್ಟ. ಹಂಗೇ ಗುರಾಯಿಸ್ಬೇಡ, ಬಲಗಣ್ಣು ಜೋತಿದೆ, ಇರೋದು ಒಂದೇ ಕಣ್ಣು, ಅದನ್ನ ಉಳಿಸ್ಕೋ. ಆರು ವರ್ಷದವನಾಗಿದ್ದಾಗ ನನ್ನ ಮದುವೆ ಊಟದಲ್ಲಿ ಕೆನೆ ಕದ್ದು ನೆಕ್ಕಿ ಸಿಕ್ಕಾಕ್ಕೊಂಡೆಯಲ್ಲ, ಆ ಬಾಯೇ ಇದು. ತೆಗಿ." ಅವನು ತೆಗೀತಿದ್ದ. ಗುರುವಾರ ಮಧ್ಯಾಹ್ನಕ್ಕೆ ಆ ಜೇಬಲ್ಲಿ ಹದಿನೆಂಟು ಕಾಳು. ಜ್ವರ ಇಳಿದಿತ್ತು. ಇನ್ನೆರಡು ಕಾಳು.

ಆಗ ಜಿಪಾರ್ ಓಡಿ ಬಂದ್ಳು. "ಅಪಾ, ಮಾವ ಬರ್ತಿದಾರೆ. ಕುರಿ ಕಡಿಸಿದಾರೆ. ಬಾಲದ ಕೊಬ್ಬು, ಕಲೀಜ ತರ್ತಿದಾರೆ, ಕೈತುತ್ತು ಕೊಡೋಕೆ. ನೀವು ಏನೂ ಅನ್ಬೇಡಿ. ನಾನು ಆ ಮನೇಲಿ ಬಾಳ್ಬೇಕು."

ಬಾಲದ ಕೊಬ್ಬು, ಕಲೀಜ ಅಂದ್ರೆ ಸುಮ್ಮನೆ ಅಲ್ಲ. ಎರಡು ಮನೆ ಬೀಗರಾಗೋ ದಿನ ಒಬ್ಬರ ಬಾಯಿಗೆ ಒಬ್ಬರು ಅದನ್ನ ಇಟ್ರೇನೇ ಸಂಬಂಧ ಗಟ್ಟಿಯಾಗೋದು. ಅಂಗೈ ತುಂಬ ತುಂಬಿ ಬಾಯಿಗೆ ಒತ್ತಾರೆ. ಬೇಡ ಅನ್ನೋ ಹಂಗಿಲ್ಲ, ಮುಖ ತಿರುಗಿಸೋ ಹಂಗಿಲ್ಲ, ಉಗುಳೋದಂತೂ ಸಂಬಂಧ ಕಡಿದಂಗೆ. ಅದ್ಯಾವುದೂ ಗಂಟಲಿಗೆ ಗೊತ್ತಾಗಲ್ಲ. ಆ ಜಾರೋ ಕೊಬ್ಬಿನ ತುಂಡು ಪುಟ್ಟನ ಗಂಟಲಿಗೆ ಬಿದ್ರೆ ಶುಕ್ರವಾರದ ಟ್ಯೂಬಿನ ಮಾತೇ ಇರಲ್ಲ, ಗೋರಿ ತೋಡೋರನ್ನೇ ಕರೀಬೇಕು.

ಶಾರ್ಶೆನ್ ಒಳಗೆ ಬಂದ. ಮೊದಲು ಅವನ ಬಿಳಿ ಟೋಪಿ ಬಂತು, ಆಮೇಲೆ ಹೊಟ್ಟೆ, ತುಂಬ ಹೊತ್ತಾದ ಮೇಲೆ ಅವನು. ಹಿಂದೆ ಅವನ ತಮ್ಮ, ತಮ್ಮನ ಹೆಂಡತಿ. ಬಾಗಿಲು ಮುಚ್ಚೋಕೂ ಭಾಷಣ ಮಾಡೋ ಮನುಷ್ಯ ಈ ಶಾರ್ಶೆನ್. ಬಾಯಲ್ಲಿ ಇರೋ ಹಲ್ಲೆಲ್ಲಾ ಚಿನ್ನ, ಬರೋ ಮಾತೆಲ್ಲಾ ಹೊಟ್ಟು.

"ಒಂದು ಸಲಕ್ಕೆ ಇಬ್ಬರೇ ಇರ್ಬೇಕು" ಅಂದ್ಳು ಕುಂದುಜ್.

"ಮಗಳೇ, ನಾವು ಇಬ್ಬರೇ. ಬೀಗರು ಮತ್ತು ಬೀಗರು" ಅಂದು ಅವಳನ್ನ ಪರದೆಯಂಗೆ ಸರಿಸಿ ಒಳಗೆ ಬಂದ. "ಬೀಗಿತ್ತಿ, ಕೇಳಿದೆ, ನನ್ನ ಬೀಗನಿಗೆ ಇಲ್ಲಿ ಮಕ್ಕಳ ಗಂಜಿ ತಿನ್ನಿಸ್ತಿದಾರಂತೆ. ಹುಲಿಯಂಥ ಮನುಷ್ಯನಿಗೆ. ಅದಕ್ಕೇ ಕೈಲಿ ಬಲ ಇಲ್ಲ. ಇದನ್ನ ತಿಂದೇ ನಾವು ಒಂದಾಗಿದ್ದು, ಇದನ್ನ ತಿಂದೇ ಇವನು ಎದ್ದು ನಿಲ್ತಾನೆ. ನನ್ನ ಅಜ್ಜ—"

"ನಿಮ್ಮ ಅಜ್ಜ ಇರ್ಲಿ, ಅವನಿಗೆ ಡಾಕ್ಟರು ಗಟ್ಟಿ ನುಣ್ಣನೇದು ಬಿಟ್ಟು ಏನೂ ಕೊಡಬಾರದು ಅಂದಿದಾರೆ."

"ಡಾಕ್ಟರು ಓದಿರೋದು ಪುಸ್ತಕ. ಬಾಲದ ಕೊಬ್ಬು ಪುಸ್ತಕಕ್ಕಿಂತ ಹಳೇದು."

ತಟ್ಟೆ ಬಟ್ಟೆ ತೆಗೆದ. ಬಿಳಿ ಕೊಬ್ಬು, ಕಪ್ಪು ಕಲೀಜ, ತೆಳ್ಳಗೆ ಹೆಚ್ಚಿ ಒಂದರ ಮೇಲೊಂದು ಜೋಡಿಸಿದ್ರು. ವಾಸನೆಗೆ ಆಸ್ಪತ್ರೆ ಎಲ್ಲಾ ಎದ್ದು ಕೂತಿರ್ಬೇಕು. ಅವನ ಅಂಗೈ ಒಂದು ಸಲಿಕೆ. ಆ ಸಲಿಕೆ ತುಂಬ ತುಂಬ್ಕೊಂಡು ಮಂಚದ ಮೇಲೆ ಬಗ್ಗಿದ. ಕುಂದುಜ್ ಅಡ್ಡ ಬಂದ್ಳು, ಅವನ ತಮ್ಮ ಅವಳನ್ನ ತಡೆದ.

ಪುಟ್ಟ ಬಾಯಿ ತೆಗೆದ.

ಅವನಿಗೆ ಗೊತ್ತು, ನುಂಗೋಕಾಗಲ್ಲ ಅಂತ. ನನ್ನ ಚಹಾದ ದಿನ ಅವನು ಮರೆತಿಲ್ಲ. ಆದ್ರೂ ಬೀಗನ ಕೈ ಕಂಡ ಕೂಡ್ಲೆ ಆ ಅರ್ಧ ಬಾಯಿ ತಾನಾಗೇ ತೆರ್ಕೊಳ್ತು. ಮಗಳು ಮುಂದೆ ನಿಂತಿದಾಳಲ್ಲ. ಮರ್ಯಾದೆಗೆ ಸಾಯೋದು ಅಂದ್ರೆ ನಮ್ಮವರಿಗೆ ಚಹಾ ಕುಡಿದಷ್ಟೇ ಸಲೀಸು.

ನಾನು ಶಾರ್ಶೆನ್ ಮಣಿಕಟ್ಟು ಹಿಡ್ಕೊಂಡೆ. ಐವತ್ತು ವರ್ಷ ಕುದುರೆ ಹಾಲು ಕರೆದ ಕೈ ಇದು, ಬಿಡಿಸ್ಕೊಳ್ಳೋಕೆ ಅವನ ತಮ್ಮನೂ ಸೇರ್ಬೇಕಿತ್ತು.

"ಶಾರ್ಶೆನ್, ನೀನು ಯಾವ ವರ್ಷದವನು?"

"ಈಗೇನು ಅದು ಬೀಗಿತ್ತಿ?"

"ಹೇಳು."

"ಕುರಿ ವರ್ಷ." ನಮ್ಮಲ್ಲಿ ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು, ವಯಸ್ಸಿನ ಲೆಕ್ಕ ಅದರಲ್ಲೇ.

"ನಾನು ಇಲಿ ವರ್ಷ. ನಿನಗಿಂತ ಏಳು ವರ್ಷ ದೊಡ್ಡವಳು. ಈ ಕೋಣೇಲಿ ಹಿರಿಯರು ಯಾರು?"

ಶಾರ್ಶೆನ್ ಕೈ ಹಿಂದಕ್ಕೆಳೆದ, ನಾನು ಬಿಡ್ಲಿಲ್ಲ.

"ಹಿರಿಯರು ಕೂತಿರೋವಾಗ ಕಿರಿಯವನು ಕೈತುತ್ತು ಕೊಡೋದು ನಿಮ್ಮ ಕಣಿವೇಲಿ ಯಾವಾಗ ಶುರುವಾಯ್ತು? ನಿಮ್ಮ ಅಜ್ಜ ಕಲಿಸಿದ್ದಾ? ತಟ್ಟೆ ಕೊಡಿಲ್ಲಿ."

ಅವನ ತಮ್ಮನ ಹೆಂಡತಿ ಒಳ್ಳೇ ಸಂಸಾರದವಳು. ತಟ್ಟೆ ತಂದು ನನ್ನ ಮಡಿಲಲ್ಲಿಟ್ಳು. ಶಾರ್ಶೆನ್ ಕೈಲಿದ್ದಿದ್ದನ್ನೂ ಅದಕ್ಕೇ ಸುರಿಸ್ಕೊಂಡೆ.

"ಬಾಯಿ ತೆಗಿ" ಅಂದೆ.

"ನನಗಲ್ಲ ಬೀಗಿತ್ತಿ, ರೋಗಿಗೆ—"

"ನನ್ನ ಕೈ ತಳ್ತೀಯಾ? ಸೊಸೆ ಮುಂದೆ?"

ಅವನು ಜಿಪಾರ್ ಕಡೆ ನೋಡಿದ, ತಮ್ಮನ ಕಡೆ ನೋಡಿದ. ಚಿನ್ನದ ಹಲ್ಲೆಲ್ಲಾ ಕಂಡ್ವು. ನಾನು ತುಂಬಿದೆ. ಮೂರು ಬೆರಳಲ್ಲಿ ಅಲ್ಲ, ಕಾಳು ಚೀಲ ತುಂಬೋ ಹಂಗೆ ತುಂಬಿದೆ. ಹುಟ್ಟಿದಾಗಿಂದ ಆ ಬಾಯಿ ಅಷ್ಟು ಹೊತ್ತು ಸುಮ್ಮನಿದ್ದಿದ್ದು ಅದೇ ಮೊದಲು. ಅವನು ನುಂಗೋದ್ರೊಳಗೆ ತಮ್ಮನ ಬಾಯಿಗೆ ಒಂದು ಹಿಡಿ, ತಮ್ಮನ ಹೆಂಡತಿಗೆ ಮರ್ಯಾದೆಯಾಗಿ ಒಂದು ಚಿಕ್ಕ ತುಂಡು, ಮತ್ತೆ ಶಾರ್ಶೆನ್‌ಗೆ. ಮೂರನೇ ಸುತ್ತಿಗೆ ಗಡ್ಡದಿಂದ ಕೊಬ್ಬು ತೊಟ್ಟಿಕ್ತಿತ್ತು. ನಾಕನೇ ಸುತ್ತಿಗೆ ಅವನಿಗೆ ಕೆಮ್ಮು ಹತ್ತಿತು. ಕೆಮ್ಮಿದ, ಕಣ್ಣಲ್ಲಿ ನೀರು ಬಂತು, ಟೋಪಿ ಜಾರ್ತು. ತಮ್ಮ ಬೆನ್ನು ಗುದ್ದಿದ.

"ನೋಡು" ಅಂದೆ. "ನಿನ್ನ ಗಂಟಲಲ್ಲಿ ಎರಡೂ ಕಡೆ ಜೀವ ಇದೆ. ನೆಟ್ಟಗೆ ನಿಂತಿದೀಯ. ಆದ್ರೂ ದಾರಿ ತಪ್ತು. ಇವನ ಗಂಟಲಲ್ಲಿ ಅರ್ಧ ಸತ್ತಿದೆ. ನಾನು ಕೊಟ್ಟ ಎರಡು ಗುಟುಕು ಚಹಾಕ್ಕೆ ಒಂದು ವಾರ ಜ್ವರದಲ್ಲಿ ಬೆಂದ. ನಿನ್ನ ಈ ಸಲಿಕೆ ಕೊಬ್ಬಿಗೆ ಏನಾಗ್ತಿತ್ತು ಅಂತ ನಾನು ಹೇಳ್ಬೇಕಾ?"

ಶಾರ್ಶೆನ್ ಬಾಯಿ ಒರೆಸ್ಕೊಂಡ. ಮೊದಲ ಸಲ ಪುಟ್ಟನ್ನ ಸರಿಯಾಗಿ ನೋಡಿದ. ಜೋತುಬಿದ್ದ ಕೆನ್ನೆ, ಇನ್ನೂ ಅರ್ಧ ತೆರೆದಿದ್ದ ಬಾಯಿ.

ಜಿಪಾರ್ ಗೋಡೆಗಂಟ್ಕೊಂಡು ಬಿಳಿಚಿ ನಿಂತಿದ್ಳು. ಈ ಮನುಷ್ಯ ಇಲ್ಲಿಂದ ಅವಮಾನ ಹೊತ್ಕೊಂಡು ಹೋದ್ರೆ, ಅದನ್ನ ಇಳಿಸೋದು ಅವಳ ತಲೆ ಮೇಲೇ. ಅದಕ್ಕೇ ಹತ್ತೊಂಬತ್ತನೇ ಬಟ್ಟಲು ತಂದು ಅವನ ಕೈಗಿಟ್ಟೆ.

"ಈಗ ಹಿರಿಯಳು ಅಪ್ಪಣೆ ಕೊಡ್ತಿದೀನಿ. ಬೀಗನಿಗೆ ನಿನ್ನ ಕೈಯಾರೆ ತಿನ್ನಿಸು. ಕುಂದುಜ್ ಹೇಳಿದಂಗೆ."

ಚಹಾ ಚಮಚ ಅವನ ಆ ಬೆರಳುಗಳ ಮಧ್ಯೆ ಮೀಸೆ ಕೂದಲಿನಂಗಿತ್ತು. ಮೊದಲನೇದು ಪುಟ್ಟನ ಕಿವಿಗೆ ಹೋಯ್ತು. "ಗದ್ದ ಕೆಳಗೆ. ಎಡಗಡೆಗೆ. ಕಾಯಿರಿ. ಇನ್ನೊಂದು ಸಲ ನುಂಗ್ಲಿ. ಇಲ್ಲ, ಈಗಲ್ಲ" ಅಂತ ಕುಂದುಜ್ ಅವನ ಮೊಣಕೈ ಹಿಡಿದು ಆಡಿಸಿದ್ಳು, ಹಟಮಾರಿ ಎತ್ತಿಗೆ ನೇಗಿಲು ಕಲಿಸಿದಂಗೆ. ಮುಕ್ಕಾಲು ಗಂಟೆ ಬಗ್ಗಿ ನಿಂತ. ಬೆವರಿದ. ಹಾಸಿಗೆ ಮೇಲೆ ಚೆಲ್ಲಿದ್ದು, ನಾನು ಎಣಿಸ್ದೆ, ಹನ್ನೊಂದು ಚಮಚ. ಬಗ್ಗಿ ತಿನ್ನಿಸೋದು ನಿಂತು ಭಾಷಣ ಮಾಡಿದಷ್ಟು ಸುಲಭ ಅಲ್ಲ ಅಂತ ಅವನ ಸೊಂಟಕ್ಕೆ ಗೊತ್ತಾಗಿರ್ಬೇಕು. ಬಟ್ಟಲು ಖಾಲಿಯಾಯ್ತು. ಕಾಳು ಈ ಜೇಬಿಂದ ಆ ಜೇಬಿಗೆ.

ಅವರು ಹೋದ ಮೇಲೆ ತಟ್ಟೇಲಿ ಉಳಿದಿದ್ದ ಕಲೀಜ ತಗೊಂಡು, ಅರೆದು, ಎರಡು ಸಲ ಸೋಸಿ ಸಂಜೆ ಬಟ್ಟಲಿಗೆ ಸೇರಿಸ್ದೆ. ರಕ್ತಕ್ಕೆ ಒಳ್ಳೇದು ಅಂದ್ಳು ಕುಂದುಜ್. ಯಾರ ಕೈಯಿಂದ ಬಂದ್ರೇನು, ಕಲೀಜದ ತಪ್ಪೇನಿಲ್ಲ.

ಶುಕ್ರವಾರ ಡಾಕ್ಟರು ಬಂದ್ರು. ಬೆನ್ನಿಗೆ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದ್ರು. ನಾನು ಜೇಬಿಂದ ಇಪ್ಪತ್ತೊಂದು ಕಾಳು ತೆಗೆದು ಮೇಜಿನ ಮೇಲಿಟ್ಟೆ.

"ಇದೇನಜ್ಜಿ?"

"ಬಟ್ಟಲು. ಒಂದು ಜಾಸ್ತೀನೇ ಇದೆ."

"ಹುರುಳಿಕಾಳು ಸಾಕ್ಷಿ ಹೇಳಲ್ಲ. ನನ್ನ ಮುಂದೆ ತಿನ್ಲಿ."

ಪುಟ್ಟ ತಿಂದ. ಆರು ಚಮಚ, ಕೆಮ್ಮಿಲ್ಲ. ಡಾಕ್ಟರು ತೂಗಿದ್ರು, ಮುಳ್ಳು ಸೋಮವಾರ ಎಲ್ಲಿತ್ತೋ ಅಲ್ಲೇ ನಿಂತಿತ್ತು, ಕೆಳಗಿಳಿದಿರ್ಲಿಲ್ಲ. ಹುಣ್ಣಿನ ಅಂಚು ಒಣಗಿತ್ತು. ಟ್ಯೂಬು ಸದ್ಯಕ್ಕೆ ಬೇಡ, ಮುಂದಿನ ವಾರ ನೋಡೋಣ ಅಂತ ಬರೆದು ಹೋದ್ರು. ಹೋಗೋವಾಗ ಕಾಳಿನ ಕಡೆ ಒಂದು ಸಲ ನೋಡಿದ್ರು. ಓದಿದವರು ನಗೋದು ಹಂಗೇ, ಮೂಗಲ್ಲಿ.

ಕುಂದುಜ್ ಖುಷಿಗೆ ಚಹಾ ಮಾಡ್ಕೊಂಡು ಬಂದ್ಳು, ಅದೇನೋ ಪುಡಿ ಹಾಕಿ ಅಂಟಿನಂಗೆ ಗಟ್ಟಿ ಮಾಡಿ. ಚಮಚದಲ್ಲಿ ನಡುಗ್ತಿತ್ತು ಅದು. ಪುಟ್ಟನ ಬಾಯಿಗಿಟ್ಟೆ. ಅವನು ನುಂಗಿದ, ಇನ್ನೊಂದು ಸಲ ಬರಿದೇ ನುಂಗಿದ, ಕಲಿತಿದ್ದ. ಆಮೇಲೆ ಆ ಒಂದು ಕಣ್ಣಲ್ಲಿ ನನ್ನ ನೋಡಿ, ಅರ್ಧ ಬಾಯಲ್ಲಿ, ಹನ್ನೆರಡು ದಿನಕ್ಕೆ ಮೊದಲ ಮಾತು ಆಡಿದ.

"ಗೋಡೆಗೆ ಬಳಿ."

ನಾನು ನಕ್ಕು ನಕ್ಕು ತಲೆವಸ್ತ್ರ ಬಿಚ್ಚೋಯ್ತು.

ಶಾರ್ಶೆನ್ ಈಗ ಊರೂರು ತಿರುಗಿ ಹೇಳ್ತಿದಾನಂತೆ. ಡಾಕ್ಟರು ಕೈಬಿಟ್ಟಿದ್ರಂತೆ, ಮುದುಕಿ ಅಳ್ತಾ ಕೂತಿದ್ಳಂತೆ, ತಾನು ಹೋಗಿ ಕೈಯಾರೆ ತಿನ್ನಿಸಿದ ಮೇಲೇ ಬೀಗನಿಗೆ ಮಾತು ಬಂತಂತೆ. ಜಿಪಾರ್‌ನ ಈಗ ತಲೆ ಮೇಲೆ ಹೊತ್ಕೊಂಡು ಮೆರೆಸ್ತಿದಾನೆ, ಬದುಕಿಸಿದವನ ಸೊಸೆ ಅಂತ. ಹೇಳ್ಕೊಳ್ಲಿ ಬಿಡಿ. ಹನ್ನೊಂದು ಚಮಚ ಚೆಲ್ಲಿದ್ದನ್ನ ಮಾತ್ರ ಎಲ್ಲೂ ಹೇಳ್ತಿಲ್ಲ. ಅದನ್ನ ಹೇಳೋಕೆ ನಾನಿದೀನಿ. ಇವತ್ತಿನ ಹಿಟ್ಟು ಎರಡನೇ ಜರಡಿ ಆಗೋವರೆಗೂ ಪುರುಸೊತ್ತಿಲ್ಲ, ಅಷ್ಟೇ.